ನಾಲ್ಕು ಸಲ ಮೊದಲ ಗ್ರಾಹಕಿ

ಮೈಕು ಕೈಗೆ ಬಂದರೆ ನಾನು ಸುಳ್ಳನ್ನೂ ಚೆಂದ ಹೇಳುತ್ತೇನೆ. ಆಳಂದ ತಾಲ್ಲೂಕಿನಲ್ಲಿ ಯಾವ ಕಾರ್ಯಕ್ರಮ ಇದ್ದರೂ ನಿರೂಪಣೆಗೆ ಈ ಅಮರನಾಥನನ್ನೇ ಕರೆಯುವುದು ಅದಕ್ಕೇ. ಹಾಗಾಗಿ ಬೆಂಗಳೂರಿನ 'ಧಾನ್ಯಾಕ್ಷ' ಕಂಪನಿ ತನ್ನ ತೇವ ಅಳೆಯುವ ಯಂತ್ರ ಬಿಡುಗಡೆ ಮಾಡಲು ನಮ್ಮ ಕಡೆ ಬಂದಾಗ ಮೈಕು ನನಗೇ ಸಿಕ್ಕಿತು. ಅಂಗೈಯಗಲದ ಯಂತ್ರ. ಕಾಳಿಗೆ ಹಿಡಿದು ಗುಂಡಿ ಒತ್ತಿದರೆ ಎಷ್ಟು ತೇವ ಇದೆ ಅಂತ ಅಂಕಿ ತೋರಿಸುತ್ತದಂತೆ. ಖರೀದಿ ಕೇಂದ್ರದಲ್ಲಿ ತೊಗರಿ ಪಾಸಾಗಬೇಕಾದರೆ ಆ ಅಂಕಿ ಹನ್ನೆರಡು ದಾಟಬಾರದು.

"ಮೊದಲ ಗ್ರಾಹಕಿ ಅಂತ ತೋರಿಸೋಕೆ ಒಬ್ಬ ರೈತ ಮಹಿಳೆ ಬೇಕು," ಅಂದ ಕಂಪನಿಯ ಅರುಣಕುಮಾರ. ನಾನು ಮಟಕಿ ಊರಿನ ತುಳಜಾಬಾಯಿಯನ್ನು ಕರೆತಂದೆ; ಚಿಕ್ಕಮ್ಮನ ವಯಸ್ಸಿನವಳೆಂದು ನಾನು ಅವಳನ್ನು ಕಾಕು ಅನ್ನುತ್ತೇನೆ. ಅವಳಿಗೆ ಯಂತ್ರ ಖರೇನೇ ಬೇಕಿತ್ತು. ಹಿಂದಿನ ಸುಗ್ಗಿಯಲ್ಲಿ ಖರೀದಿ ಕೇಂದ್ರದ ದತ್ತಪ್ಪ ಅವಳ ತೊಗರಿಯ ಒಂದು ಕಾಳು ಬಾಯಿಗೆ ಹಾಕಿಕೊಂಡು ಕಡಿದು, ಹಸಿ ಇದೆ ಅಂತ ಎರಡು ಸಲ ಚೀಲ ವಾಪಸು ಕಳಿಸಿದ್ದ. ಎಂಟು ದಿನ ಬಿಸಿಲಲ್ಲಿ ಹರವಿ, ಕಾಲಾಡಿಸಿ ಒಣಗಿಸಿದ ಕಾಳು ಅದು.

"ಅವನ ಹಲ್ಲಿಗೆ ಜವಾಬು ಕೊಡೂದೊಂದು ನನ್ನ ಕೈಯಾಗ ಇರಬೇಕು ತಮ್ಮಾ," ಅಂದಳು ಕಾಕು.

ಯುಗಾದಿ ಆದ ವಾರ ಆಳಂದದಲ್ಲಿ ಮೊದಲ ಬಿಡುಗಡೆ. ವೇದಿಕೆಯ ಮೇಲಿದ್ದ ಇಪ್ಪತ್ತೆರಡು ಮಂದಿಗೆ ಶಾಲು, ಹಾರ. ಆಮೇಲೆ ಸನ್ಮಾನ ಮಾಡಿದವರಿಗೂ ಸನ್ಮಾನ. ಯಂತ್ರದ ಸರದಿ ಬರುವಷ್ಟರಲ್ಲಿ ಜನ ಊಟಕ್ಕೆ ಎದ್ದಿದ್ದರು. ಕಾಕುವಿಗೆ ಶಾಲು ಹೊದಿಸಿ, ಯಂತ್ರ ಕೈಗಿಟ್ಟು ಫೋಟೊ ಹೊಡೆದರು. ಗುಂಡಿ ಯಾರೂ ಒತ್ತಲಿಲ್ಲ. ಅವಳು ಮೆಟ್ಟಿಲಿಳಿಯುವಾಗ ಅರುಣಕುಮಾರ ಮೆಲ್ಲಗೆ ಯಂತ್ರ ಇಸಕೊಂಡ. "ಇದು ಡೆಮೊ ಪೀಸ್ ಅಮ್ಮಾ. ನಿಮ್ಮದು ಕೊರಿಯರಲ್ಲಿ ಬರುತ್ತೆ."

ಬರಲಿಲ್ಲ. ಶ್ರಾವಣದಲ್ಲಿ ಅಫಜಲಪುರದಲ್ಲಿ ಎರಡನೆಯ ಬಿಡುಗಡೆ. ಯಂತ್ರ ಅದೇ, ಮೇಲೆ 'ಪ್ರೊ' ಅಂತ ಹೊಸ ಸ್ಟಿಕ್ಕರು. ಅದೇ ಶಾಲು, ಅದೇ ಫೋಟೊ, ಮೆಟ್ಟಿಲ ಹತ್ತಿರ ಅದೇ ಅರುಣಕುಮಾರ. ಕಾಕು ಮುಖ ಸಣ್ಣದು ಮಾಡಿದಳೆಂದು ಗಾಣಗಾಪುರಕ್ಕೆ ಕರೆದೊಯ್ದು ದರ್ಶನ ಮಾಡಿಸಿದೆ. ದಸರೆಗೆ ಜೇವರ್ಗಿಯಲ್ಲಿ ಸ್ಟಿಕ್ಕರು 'ಎಐ' ಆಗಿತ್ತು. ಮುಂದಿನ ಸಾಲಿನವನೊಬ್ಬ ಎದ್ದು ನಿಂತು ಕೇಳಿಯೇಬಿಟ್ಟ: "ಆಳಂದದಾಗೂ ಇವ್ರೇ ಮೊದಲ ಗ್ರಾಹಕಿ ಇದ್ರಲ್ರಿ?"

"ತಾಲ್ಲೂಕಿಗೊಬ್ರು ಮೊದಲನೇದವ್ರು ಇರ್ತಾರ್ರಿ," ಅಂದೆ. ಚಪ್ಪಾಳೆ ಬಿತ್ತು.

ವಾಪಸು ಬರುವಾಗ ಕಾಕು, "ಶಾಲು ಮೂರಾದವು. ನಾ ಏನು ಶಾಲಿನ ಅಂಗಡಿ ಇಡ್ಲೇನು?" ಅಂದಳು. ನನಗೆ ನಗು ಬರಲಿಲ್ಲ. ನಾಚಿಕೆಯಾಯಿತು.

ಜನವರಿಯಲ್ಲಿ ನಾಲ್ಕನೆಯದು, ಕಡಗಂಚಿ ದಾರಿಯ ಖರೀದಿ ಕೇಂದ್ರದ ಅಂಗಳದಲ್ಲೇ. ಕಾಕುವಿನ ಟ್ರ್ಯಾಕ್ಟರು ನಸುಕಿನಿಂದಲೇ ಪಾಳಿಯ ಸಾಲಿನಲ್ಲಿತ್ತು. ಇಬ್ಬನಿ ಬೀಳಬಾರದೆಂದು ಚೀಲಗಳ ಮೇಲೆ ಮೂರೂ ಶಾಲು ಹೊದಿಸಿದ್ದಳು. ದತ್ತಪ್ಪ ಒಂದು ಕಾಳು ಕಡಿದ.

"ಹಸಿ ಅದ. ಒಯ್ರಿ."

ಅವನ ತಲೆಯ ಮೇಲೇ ಕಂಪನಿಯ ಬ್ಯಾನರು. ಅದರಲ್ಲಿ ಯಂತ್ರ ಹಿಡಿದು ನಗುತ್ತಿರುವ ತುಳಜಾಬಾಯಿ, ಕೆಳಗೆ 'ನನ್ನ ತೊಗರಿಗೆ ನಾನೇ ನ್ಯಾಯಾಧೀಶೆ' ಎಂಬ ಸಾಲು. ಆ ಸಾಲನ್ನು ಬರೆದುಕೊಟ್ಟವನು ನಾನೇ.

ಮೊದಲ ಗ್ರಾಹಕಿಯ ಹೆಸರು ಕೂಗಿದೆ. ಕಾಕು ಒಂದು ಹಿಡಿ ತೊಗರಿ ಹಿಡಿದುಕೊಂಡೇ ವೇದಿಕೆ ಹತ್ತಿದಳು. "ಫೋಟೊ ಆಮ್ಯಾಲ. ಮೊದಲ ಇದನ್ನ ಅಳೀರಿ."

ಅರುಣಕುಮಾರನ ಮುಖ ಬಿಳಿಚಿಕೊಂಡಿತು. "ಅಮ್ಮಾ, ಇವತ್ತು ಬರೀ ಲಾಂಚ್..." ಅನ್ನುವಷ್ಟರಲ್ಲಿ ನಾನೇ ಯಂತ್ರವನ್ನು ಕಾಳಿಗೆ ಹಿಡಿದು ಗುಂಡಿ ಒತ್ತಿದೆ. ಇಡೀ ವರ್ಷದಲ್ಲಿ ಅದೇ ಮೊದಲು. ಅಂಕಿ ಬಂತು: ಹನ್ನೆರಡು.

"ಪಾಸ್!" ಅಂತ ಕೂಗಿದೆ. ಅಂಗಳಕ್ಕೆ ಅಂಗಳವೇ ಚಪ್ಪಾಳೆ ತಟ್ಟಿತು. ಆ ಗದ್ದಲದಲ್ಲಿ ಯಾಕೋ ಅನುಮಾನ ಬಂದು ಯಂತ್ರವನ್ನು ನನ್ನ ಬೆವರಿದ ಅಂಗೈಗೆ ಹಿಡಿದೆ. ಹನ್ನೆರಡು. ಅತಿಥಿಗಳ ನೀರಿನ ಲೋಟದೊಳಗೆ ಇಳಿಬಿಟ್ಟೆ. ಹನ್ನೆರಡು. ಅರುಣಕುಮಾರ ತನ್ನ ಬೂಟು ನೋಡುತ್ತಿದ್ದ. ಕಾಕು ನನ್ನನ್ನೇ ನೋಡುತ್ತಿದ್ದಳು.

ಮೈಕು ನನ್ನ ಕೈಯಲ್ಲೇ ಇತ್ತು. ವರ್ಷವಿಡೀ ಕಂಪನಿಗಾಗಿ ಸುಳ್ಳು ಹೇಳಿದ ಬಾಯಿ ಇದು. ಇವಳಿಗಾಗಿ ಒಂದು ಹೇಳಿದರೆ ಸವೆಯುವುದಿಲ್ಲ.

"ಯಾರ್ಯಾರ ಚೀಲ ಹಸಿ ಅಂತ ವಾಪಸ್ ಬಂದಾವ, ಅವ್ರೆಲ್ಲ ಜಲ್ದಿ ಬರ್ರಿ! ಯಂತ್ರ ಖರೇ ಹೇಳಾಕತ್ತದ!"

ಪಾಳಿಗೆ ಪಾಳಿಯೇ ಹಿಡಿ ಹಿಡಿ ಕಾಳಿನೊಂದಿಗೆ ನುಗ್ಗಿತು. ಹನ್ನೆರಡು, ಹನ್ನೆರಡು, ಹನ್ನೆರಡು. ದತ್ತಪ್ಪ ಬಾಯಿ ತೆರೆದ. ಆದರೆ ಅದೇ ತಾನೇ ಯಂತ್ರ ಉದ್ಘಾಟಿಸಿದ ದೊಡ್ಡವರೆಲ್ಲ ಹಾರ ಹಾಕಿಕೊಂಡು ಎದುರಿಗೇ ಕುಳಿತಿದ್ದರು. ಅವರ ಮುಂದೆ ಅದು ಸುಳ್ಳು ಅನ್ನುವ ಧೈರ್ಯ ಯಾರಿಗಿದೆ? ಬಾಯಿ ಮುಚ್ಚಿ ರಸೀದಿ ಬರೆಯತೊಡಗಿದ. ಮೊದಲ ರಸೀದಿ ಕಾಕುವಿನದು.

ಕೊನೆಗೆ ಮೆಟ್ಟಿಲ ಹತ್ತಿರ ಅರುಣಕುಮಾರ ಯಂತ್ರವನ್ನು ತಾನಾಗೇ ಅವಳ ಕೈಗಿಟ್ಟ. "ತಗೊಳ್ಳಿ ಅಮ್ಮಾ. ಇದು ನಿಮ್ಮದೇ. ನಿಜವಾಗಲೂ."

ಕಾಕು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ನೆಟ್ಟಗೆ ಹೋಗಿ ದತ್ತಪ್ಪನ ಮೇಜಿನ ಮೇಲಿಟ್ಟಳು.

"ನನಗ ಬ್ಯಾಡಪ್ಪಾ. ಸುಗ್ಗಿ ಮುಗಿಯೂತನಾ ಇದು ಇಲ್ಲೇ ಇರ್ಲಿ," ಅಂದವಳು, ಚೀಲದ ಮೇಲಿದ್ದ ಒಂದು ಶಾಲು ತಂದು, ಮಡಿಕೆ ಸರಿಮಾಡಿ, ಯಂತ್ರಕ್ಕೆ ಹೊದಿಸಿದಳು.