ತೀರಿಕೊಂಡ ತಾಯಿಯ ಸಾಮಾನು

ಶಾಲೆಯ ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಗ್ಲೆಂಡಾ ತನ್ನ ಸಾವಿನ ಸುದ್ದಿ ಓದಿದಳು.

ಮಧ್ಯಾಹ್ನದ ಊಟ ಬಡಿಸಿ ಮುಗಿದಿತ್ತು. ಒಳಗೆ ಮುನ್ನೂರು ಮಕ್ಕಳ ತಟ್ಟೆ ತೊಳೆಯುವ ಯಂತ್ರ ಗುಡುಗುಡು ಎನ್ನುತ್ತಿತ್ತು. ಕೂದಲಿಗೆ ಹಾಕಿದ ಬಲೆಯನ್ನೂ ತೆಗೆಯದೆ ಅವಳು ಫೋನು ಹಿಡಿದು, ಊರವರು ಬೇಡದ ಸಾಮಾನು ಮಾರಲು ಹಾಕುವ ಜಾಹೀರಾತುಗಳನ್ನು ಒಂದೊಂದಾಗಿ ಮೇಲಕ್ಕೆ ತಳ್ಳುತ್ತ ಹೋದಳು. ಮಕ್ಕಳ ಸೈಕಲ್ಲು, ಬೆಕ್ಕು ಪರಚಿದ ಸೋಫಾ, ಯಾರದೋ ಮದುವೆಯ ಗೌನು. ಆಮೇಲೆ ಒಂದು ಹಿಟ್ಟು ಕಲಸುವ ಮಿಕ್ಸರ್, ಬೆಣ್ಣೆಯ ಬಣ್ಣದ್ದು, ವೈರಿನ ಬುಡದಲ್ಲಿ ಒಲೆ ತಾಗಿ ಸುಟ್ಟ ಕಲೆಯಿರುವಂಥದ್ದು. ಅದರ ಕೆಳಗೆ ಹೀಗೆ ಬರೆದಿತ್ತು: "ನಮ್ಮಮ್ಮ ತೀರಿಕೊಂಡ್ರು. ಮನೆ ಖಾಲಿ ಮಾಡ್ತಾ ಇದೀವಿ. ಮಿಕ್ಸರ್ ಚೆನ್ನಾಗಿದೆ. ಅಮ್ಮ ಒಂದಿನಾನೂ ಇದನ್ನ ಒರೆಸದೆ ಮಲಗಿದವರಲ್ಲ. ಪ್ರತಿ ಕ್ರಿಸ್‌ಮಸ್‌ಗೂ ಇದರಲ್ಲೇ ದಾಲ್ಚಿನ್ನಿ ರೋಲ್‌ಗೆ ಹಿಟ್ಟು ಕಲಸೋರು. ನಲವತ್ತು ಡಾಲರ್."

ಗ್ಲೆಂಡಾ ಅದನ್ನು ಮೂರು ಸಲ ಓದಿದಳು. ಸಿಟ್ಟು ಬರಲಿಲ್ಲ. ತಾಯಿ ಸತ್ತಳೆಂದರೆ ಸಾಮಾನು ಬೇಗ ಹೋಗುತ್ತದೆ, ಚೌಕಾಸಿ ಮಾಡಲು ಜನ ನಾಚುತ್ತಾರೆ. ಈ ಕಸುಬಿನ ಮರ್ಮ ಅಷ್ಟೆ. ಆದರೆ ಒರೆಸದೆ ಮಲಗಿದವಳಲ್ಲ ಎಂಬುದನ್ನು ಬರೆಯಬೇಕಾಗಿರಲಿಲ್ಲ, ಅದರಿಂದ ಒಂದು ಡಾಲರೂ ಹೆಚ್ಚಿಗೆ ಸಿಗುವುದಿಲ್ಲ. ಅದು ಅವನಿಗೆ ನೆನಪಿದೆ. ಅವಳಿಗೆ ಅಳು ಬಂತು, ಸಂತೋಷವೂ ಆಯಿತು, ಅಂಥ ಸಂತೋಷಕ್ಕೆ ನಾಚಿಕೆಯೂ ಆಯಿತು.

ಅವನು ಎಂದರೆ ಕೋರಿ, ಅವಳ ಒಬ್ಬನೇ ಮಗ, ಇಪ್ಪತ್ತೇಳು ವರ್ಷದವನು. ಮನೆಗಳ ಮಾಡು ಹೊದಿಸುವ ಕೆಲಸದಲ್ಲಿ ಮೇಲಿಂದ ಬಿದ್ದು ಭುಜ ಮುರಿದುಕೊಂಡಿದ್ದ. ನೋವಿಗೆಂದು ಕೊಟ್ಟ ಮಾತ್ರೆ ನೋವು ಹೋದ ಮೇಲೂ ಅವನನ್ನು ಬಿಡಲಿಲ್ಲ. ಮಾತ್ರೆ ಹೋಗಿ ಪುಡಿ ಬಂತು, ಪುಡಿ ಹೋಗಿ ಸೂಜಿ ಬಂತು. ಒಹಾಯೋ ನದಿಯ ಈ ದಂಡೆಯಲ್ಲಿ ಇದೇನು ಹೊಸ ಕಥೆಯಲ್ಲ, ಬೀದಿಗೊಂದು ಮನೆಯಲ್ಲಿ ಇದೇ ಇದೆ. ಗರಗಸ ಹೋಯಿತು, ಟಿವಿ ಹೋಯಿತು, ಅವನಜ್ಜಿಯ ಉಂಗುರ ಹೋಯಿತು. ಉಂಗುರ ಹೋದ ದಿನ ಅವನಪ್ಪ ವೇಯ್ನ್ ಬೀಗಗಳನ್ನೆಲ್ಲ ಬದಲಿಸಿ, ಅವನು ಈ ಹೊಸ್ತಿಲು ತುಳಿದರೆ ನಾನು ಆಚೆ ಹೋಗುತ್ತೇನೆ ಎಂದು ಹೆಂಡತಿಗೆ ಹೇಳಿದ. ಹೇಳಿದ್ದನ್ನು ಮಾಡುವ ಗಂಡಸು ಅವನು.

ಗ್ಲೆಂಡಾ ಗಂಡನಿಗೆ ಎದುರಾಡಲಿಲ್ಲ. ಗ್ಯಾರೇಜಿನ ಪಕ್ಕದ ಬಾಗಿಲಿನ ಚಿಲಕ ಮಾತ್ರ ತೆಗೆದಿಟ್ಟಳು. ಒಳಗೆ ಒಂದು ಮೂಲೆಯಲ್ಲಿ ಬೇಡದ ಸಾಮಾನು ಇಡುವುದು ರೂಢಿಯಾಯಿತು. ಹಳೆಯ ಫ್ಯಾನು, ದೋಸೆಯ ಕಾವಲಿಯಂಥ ಒಂದು ವಿದ್ಯುತ್ ಒಲೆ, ಯಾರೋ ಮದುವೆಗೆ ಕೊಟ್ಟು ಪೆಟ್ಟಿಗೆಯಿಂದ ಹೊರಗೇ ಬರದ ಗಾಜಿನ ಬಟ್ಟಲುಗಳು. ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಒಂದು ವಸ್ತು ಮಾಯವಾಗುತ್ತಿತ್ತು. ಮರುದಿನವೋ ಅದರ ಮರುದಿನವೋ ಅದೇ ವಸ್ತು ಜಾಹೀರಾತಿನಲ್ಲಿ ಕಾಣುತ್ತಿತ್ತು, ಮಾರುವವನ ಹೆಸರು ಬೇರೆ, ಮುಖದ ಜಾಗದಲ್ಲಿ ಒಂದು ದೋಣಿಯ ಚಿತ್ರ. ಅದನ್ನು ಕಂಡ ದಿನ ಅವಳು ಮಕ್ಕಳಿಗೆ ಒಂದು ಸೌಟು ಹೆಚ್ಚಿಗೆ ಬಡಿಸುತ್ತಿದ್ದಳು. ಮಗ ಉಸಿರಾಡುತ್ತಿದ್ದಾನೆ ಎಂದು ತಿಳಿಯಲು ಅವಳಿಗೆ ಬೇರೆ ದಾರಿಯಿರಲಿಲ್ಲ. ಎರಡು ವರ್ಷ ಹೀಗೇ ನಡೆಯಿತು. ಬೇಡದ ಸಾಮಾನು ಮುಗಿದು ಹೋದಾಗ ಬೇಕಾದ್ದನ್ನೇ ಒಂದೊಂದಾಗಿ ಬೇಡದ್ದು ಮಾಡಿಕೊಂಡಳು. ಮಿಕ್ಸರ್ ಹೋದದ್ದು ಹಾಗೆ.

ಆದರೆ ಈ ಸಲದ ಚಿತ್ರದಲ್ಲಿ ಮಿಕ್ಸರನ್ನು ಹಿಡಿದುಕೊಂಡ ಕೈಯೂ ಬಿದ್ದಿತ್ತು. ಗ್ಲೆಂಡಾ ಬೆರಳಿಂದ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಮಣಿಕಟ್ಟಿನ ಮೇಲೆ ಅಂಗೈಯಗಲ ಚರ್ಮ ಕಪ್ಪಾಗಿತ್ತು, ನಡುವೆ ಹಸಿ ಮಾಂಸ. ಈಗಿನ ಪುಡಿಯಲ್ಲಿ ಅದೇನೋ ಬೆರೆಸುತ್ತಾರೆ, ಅದರಿಂದ ಹೀಗೆ ಹುಣ್ಣಾಗಿ ಕೊಳೆಯುತ್ತದೆ, ಬಿಟ್ಟರೆ ಕೈಯನ್ನೇ ತೆಗೆಯಬೇಕಾಗುತ್ತದೆ ಎಂದು ಅವಳು ಚರ್ಚಿನ ನೆಲಮಾಳಿಗೆಯಲ್ಲಿ ಸೇರುವ, ಇಂಥ ಮಕ್ಕಳ ತಾಯಂದಿರಿಂದ ಕೇಳಿದ್ದಳು. ಇನ್ನು ಜಾಹೀರಾತು ನೋಡಿಕೊಂಡು ಕೂತರಾಗದು. ಅವನನ್ನು ಕಾಣಬೇಕು, ಕಾರಿನಲ್ಲಿ ಕೂರಿಸಿಕೊಂಡು ನೇರ ಆಸ್ಪತ್ರೆಗೆ ಒಯ್ಯಬೇಕು. ತಾಯಿ ಎಂದು ಬರೆದರೆ ಬರುವುದಿಲ್ಲ. ಹಿಂದೊಮ್ಮೆ ಹಾಗೆ ಬರೆದಿದ್ದಕ್ಕೆ ನಾಲ್ಕು ತಿಂಗಳು ಗ್ಯಾರೇಜಿನ ಹತ್ತಿರವೂ ಸುಳಿದಿರಲಿಲ್ಲ.

ಅಲ್ಲೇ ಮೆಟ್ಟಿಲ ಮೇಲೆ ಪ್ಯಾಟ್ ಎಂಬ ಹೆಸರಿನಲ್ಲಿ ಹೊಸ ಖಾತೆ ತೆರೆದು, ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದಳು: "ಇದು ಇನ್ನೂ ಇದೆಯಾ?"

"ಇದೆ" ಎಂದು ತಕ್ಷಣ ಬಂತು.

ಕೇಳಿದಷ್ಟೂ ಕೊಡುತ್ತೇನೆ, ಇವತ್ತೇ ಒಯ್ಯುತ್ತೇನೆ ಎಂದು ಬರೆದಳು. ಅಷ್ಟಕ್ಕೆ ಬಿಟ್ಟಿದ್ದರೆ ಸಾಕಿತ್ತು, ಆದರೆ ಹೆತ್ತ ಕರುಳು ಸುಮ್ಮನಿರಲಿಲ್ಲ. "ನಿಮ್ಮಮ್ಮನ ವಿಷಯ ಓದಿ ಬೇಜಾರಾಯ್ತು" ಎಂದು ಸೇರಿಸಿದಳು.

ಆಮೇಲೆ ಬಂತು: "ಥ್ಯಾಂಕ್ಸ್ ಮೇಡಂ. ತುಂಬಾ ಒಳ್ಳೆಯವರಿದ್ರು. ನಾನೇ ಸರಿಯಾಗಿ ನೋಡ್ಕೊಳ್ಳಲಿಲ್ಲ. ಎಲ್ಲಿ ಸಿಗ್ತೀರಾ?"

ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿರಲಿಲ್ಲ. ಒಳಗಿನಿಂದ ಯಾರೋ ಗ್ಲೆಂಡಾ, ನಾಳೆಯ ಕೋಳಿ ತೆಗೆದಿಡಬೇಕು ಎಂದು ಕೂಗಿದರು. ಬಂದೆ ಎನ್ನುತ್ತ ಅವಳು, ಈ ಊರಿನಲ್ಲಿ ಯಾರು ಯಾರಿಗೆ ಏನು ಮಾರಿದರೂ ಬರೆಯುವುದನ್ನೇ ಬರೆದು ಕಳಿಸಿದಳು: "ನಾಲ್ಕು ಗಂಟೆಗೆ, ಹಸಿರು ಜಾಗದಲ್ಲಿ."

ಹಸಿರು ಜಾಗವೆಂದರೆ ಪೊಲೀಸ್ ಠಾಣೆಯ ಅಂಗಳದಲ್ಲಿ ಹಸಿರು ಬಣ್ಣ ಬಳಿದು ಗುರುತು ಮಾಡಿದ, ಎರಡು ಕಾರು ನಿಲ್ಲುವಷ್ಟು ನೆಲ. ಮೇಲೆ ಕ್ಯಾಮರಾ ಇದೆ. ಜಾಹೀರಾತು ನೋಡಿ ಬರುವ ಅಪರಿಚಿತರು ಒಬ್ಬರಿಗೊಬ್ಬರು ಮೋಸ ಮಾಡದಿರಲಿ ಎಂದು ಠಾಣೆಯವರೇ ಮಾಡಿಕೊಟ್ಟದ್ದು. ಗ್ಲೆಂಡಾ ಅಲ್ಲಿ ಪರದೆ ಮಾರಿದ್ದಾಳೆ, ಹೊಲಿಗೆ ಯಂತ್ರ ಕೊಂಡಿದ್ದಾಳೆ. ಊರಿನ ಅರ್ಧ ಸಂಸಾರ ಅಲ್ಲಿ ಕೈ ಬದಲಾಯಿಸಿದೆ.

ಮೂರೂವರೆಗೆ ಕಾರು ಠಾಣೆಯ ಕಡೆಗೆ ತಿರುಗಿದಾಗ, ಸಾಲಾಗಿ ನಿಂತ ಪೊಲೀಸರ ವಾಹನಗಳು ಕಣ್ಣಿಗೆ ಬಿದ್ದವು. ಆಗಷ್ಟೇ ಅವಳಿಗೆ ತಾನು ಬರೆದದ್ದೇನೆಂದು ಹೊಳೆಯಿತು. ಕೋರ್ಟಿನ ತಾರೀಖು ತಪ್ಪಿಸಿದ್ದಕ್ಕೆ ಕೋರಿಯ ಹೆಸರಿನಲ್ಲಿ ವಾರಂಟ್ ಇತ್ತು. ಆ ಕಾಗದ ಮನೆಗೇ ಬಂದಿತ್ತು, ಅವಳೇ ಸಹಿ ಹಾಕಿ ತೆಗೆದುಕೊಂಡಿದ್ದಳು. ರಸ್ತೆಯ ಬದಿಗೆ ಕಾರು ನಿಲ್ಲಿಸಿ, ಬೇರೆ ಎಲ್ಲಾದರೂ ಸರಿ, ನೀವು ಹೇಳಿದ ಕಡೆ ಬರುತ್ತೇನೆ ಎಂದು ಬರೆದಳು. ಅದು ಅವನಿಗೆ ಹೋಗಲಿಲ್ಲ. ಈ ವ್ಯಕ್ತಿ ಈಗ ಲಭ್ಯವಿಲ್ಲ ಎಂದು ಫೋನು ತೋರಿಸಿತು. ಹುಡುಕಿದಳು. ಮಿಕ್ಸರ್ ಇರಲಿಲ್ಲ, ದೋಣಿಯ ಚಿತ್ರವಿರಲಿಲ್ಲ, ಎರಡು ವರ್ಷದ ಫ್ಯಾನು, ಬಟ್ಟಲು, ಒಲೆ ಒಂದೂ ಇರಲಿಲ್ಲ. ಆದರೂ ಆರು ಗಂಟೆಯವರೆಗೆ ಅಲ್ಲೇ ಕಾದಳು. ತನ್ನನ್ನು ಹಿಡಿಸಲು ಪೊಲೀಸರೇ ಹೂಡಿದ ಆಟ ಎಂದುಕೊಂಡಿರಬೇಕು ಅವನು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಹಾಗೆಂದವರು ಮಗನನ್ನು ಕಳೆದುಕೊಂಡವರಲ್ಲ.

ಮೂರು ವಾರ ಗ್ಯಾರೇಜಿನಿಂದ ಒಂದು ಚಮಚವೂ ಹೋಗಲಿಲ್ಲ. ಬೆಳಿಗ್ಗೆ ಎದ್ದೊಡನೆ ಗ್ಲೆಂಡಾ ಜಿಲ್ಲೆಯ ಜೈಲಿನ ಪಟ್ಟಿ ನೋಡುತ್ತಿದ್ದಳು. ಹಿಂದಿನ ದಿನ ಹಿಡಿದು ಹಾಕಿದವರ ಮುಖ ಅದರಲ್ಲಿ ಬರುತ್ತದೆ. ಮಗನ ಮುಖ ಅಲ್ಲಿರಲಿ ಎಂದು ದೇವರಿಗೆ ಮೊರೆಯಿಡುವ ಗತಿ ಯಾವ ತಾಯಿಗೂ ಬೇಡ. ಆಮೇಲೆ ತೀರಿಕೊಂಡವರ ಪುಟ ತೆರೆಯುತ್ತಿದ್ದಳು, ಅದನ್ನು ಮಾತ್ರ ಒಂದು ಕಣ್ಣು ಮುಚ್ಚಿಕೊಂಡು.

ಕೊನೆಗೆ ಒಂದು ಭಾನುವಾರ, ಚರ್ಚಿನಿಂದ ಬಂದ ಮೇಲೆ, ಗಂಡನಿಗೆ ಎಲ್ಲ ಹೇಳಿದಳು. ಚಿಲಕ, ಸಾಮಾನು, ಮಿಕ್ಸರ್, ಹುಣ್ಣು, ಹಸಿರು ಜಾಗ. ವೇಯ್ನ್ ಟೈ ಸಡಿಲಿಸುತ್ತ ಕೇಳಿದ. ಅವನು ಕೂಗಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಚಿಲಕದ ವಿಷಯ ನಂಗೊತ್ತಿತ್ತು" ಎಂದ.

"ಯಾವಾಗಿಂದ?"

"ಮೊದಲಿಂದ. ದಿನಾ ಬೆಳಿಗ್ಗೆ ನೀನು ಏಳೋಕೆ ಮುಂಚೆ ಹೋಗಿ ನೋಡ್ತಿದ್ದೆ, ಏನು ಹೋಗಿದೆ ಅಂತ. ಏನೂ ಹೋಗಿಲ್ಲ ಅಂದ್ರೆ ಅವತ್ತು ಕೆಲಸದಲ್ಲಿ ಮನಸ್ಸೇ ಇರ್ತಿರಲಿಲ್ಲ."

"ಮತ್ತೆ ಒಂದು ಮಾತು ಹೇಳಲಿಲ್ಲವಲ್ಲ ವೇಯ್ನ್."

"ಹೇಳಿದ್ರೆ ಚಿಲಕ ಹಾಕಬೇಕಾಗ್ತಿತ್ತು. ಆಡಿದ ಮಾತು ನಂದೇ ಅಲ್ವಾ."

ಒಂದೇ ಮನೆಯಲ್ಲಿ ಇಬ್ಬರೂ ಎರಡು ವರ್ಷ ಒಬ್ಬರಿಗೊಬ್ಬರು ಹೇಳದೆ ಒಂದೇ ಬಾಗಿಲು ಕಾದಿದ್ದರು. ಎಂಥ ಮೂರ್ಖರು ನಾವು ಎಂದು ಗ್ಲೆಂಡಾಳಿಗೆ ಅನ್ನಿಸಿತು, ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಕೋರಿ ನೋಡಲಿ ಎಂದು ಜಾಹೀರಾತಿಗೆ ಹಾಕಲು ಊಟದ ಮೇಜಿನ ಚಿತ್ರವನ್ನು ಮೊದಲು ತೆಗೆದವಳು ಅವಳೇ. ಆರು ಕುರ್ಚಿ, ನಡುಮನೆಯ ದೀಪ, ಪುಸ್ತಕದ ಕಪಾಟು, ಒಂದೊಂದರದೂ ತೆಗೆದಳು. ಕೆಳಗೆ ತನ್ನ ಹೆಸರಿನಲ್ಲೇ ಬರೆದಳು: "ಎಲ್ಲ ಸುಮ್ನೆ ಕೊಡ್ತೀವಿ. ಮನೆಗೇ ಬನ್ನಿ. ಪೊಲೀಸ್ ಠಾಣೆಗೆ ಯಾರೂ ಬರಬೇಕಿಲ್ಲ. ಇಲ್ಲಿ ಯಾರೂ ಏನೂ ಕೇಳಲ್ಲ, ಬೈಯಲ್ಲ. ತಾಯಿ ಬದುಕಿದ್ದಾಳೆ."

ವೇಯ್ನ್ ಅವಳ ಭುಜದ ಮೇಲಿಂದ ಓದಿ, ಅಪ್ಪಾನೂ ಅಂತ ಸೇರಿಸು ಎಂದ. ಸೇರಿಸಿದಳು.

ಮಗ ಬರಲಿಲ್ಲ, ಊರು ಬಂತು. ಫೋನು ಒಂದೇ ಸಮನೆ ಸದ್ದು ಮಾಡತೊಡಗಿತು. ಇದು ಇನ್ನೂ ಇದೆಯಾ, ಇನ್ನೂ ಇದೆಯಾ, ಕುರ್ಚಿಗೆ ಗೆದ್ದಲು ಹಿಡಿದಿಲ್ಲ ತಾನೇ, ತಂದುಕೊಡುತ್ತೀರಾ. ಒಬ್ಬ ಬರೆದಿದ್ದ: "ತಾಯಿ ಬದುಕಿದ್ರೆ ಸಂತೋಷ, ಕಪಾಟು ಎಷ್ಟು ಎತ್ತರ ಇದೆ?" ಯಾವ ಹೆಸರಿನ ಹಿಂದೆ ಕೋರಿ ಇರಬಹುದೆಂದು ಹೇಗೆ ತಿಳಿಯುವುದು? ಅವಳು ಪ್ರತಿಯೊಬ್ಬರಿಗೂ ಉತ್ತರ ಬರೆದಳು, ಪ್ರತಿಯೊಬ್ಬರಿಗೂ ಮನೆಯ ವಿಳಾಸ ಕೊಟ್ಟಳು, ಒಂದೇ ಕಪಾಟನ್ನು ಒಂಬತ್ತು ಜನಕ್ಕೆ ಇದೆ ಎಂದಳು.

ಶನಿವಾರ ಪೂರ್ತಿ ಜನ. ಟ್ರಕ್ಕಿನವರು, ಹೊಸದಾಗಿ ಸಂಸಾರ ಹೂಡುವವರು, ಸಿಕ್ಕಿದ್ದನ್ನು ಒಯ್ದು ನಾಳೆ ಮಾರುವವರು. ಗ್ಲೆಂಡಾ ಬಾಗಿಲಲ್ಲಿ ನಿಂತು ಬಂದವರ ಮಣಿಕಟ್ಟು ನೋಡುತ್ತಿದ್ದಳು. ಕಪಾಟು ಸಿಗದೆ ಹಿಂದಿರುಗಿದವರು ಬಾಯಿಗೆ ಬಂದದ್ದು ಅಂದು ಹೋದರು. ವೇಯ್ನ್ ಬೆನ್ನುನೋವು ಲೆಕ್ಕಿಸದೆ ಎಲ್ಲರ ಜೊತೆ ಒಂದು ತುದಿ ಹಿಡಿದ, ಹಿಡಿಯುತ್ತ ಪ್ರತಿಯೊಬ್ಬ ಹುಡುಗನಿಗೂ ಕೋರಿ ಎಂಬವನನ್ನು ಕಂಡಿದ್ದೀಯಾ, ಎತ್ತರದವನು, ಎಡ ಭುಜ ಸ್ವಲ್ಪ ಇಳಿದಿದೆ ಎಂದು ಕೇಳಿದ. ಅವರು ಇಲ್ಲ ಎಂದರು. ಮೇಜು ಒಯ್ಯಲು ಬಂದ ಬಸುರಿ ಹೆಂಗಸೊಬ್ಬಳು ಖಾಲಿ ಕೋಣೆ ನೋಡಿ, "ಯಾಕಮ್ಮ, ಊರು ಬಿಡ್ತಾ ಇದೀರಾ?" ಎಂದಳು.

"ಇಲ್ಲಮ್ಮ" ಎಂದಳು ಗ್ಲೆಂಡಾ. "ನಾವು ಇಲ್ಲೇ ಇರ್ತೀವಿ. ಎಲ್ಲಿಗೂ ಹೋಗಲ್ಲ."

ಅಂದು ಸಂಜೆ ಗಂಡ ಹೆಂಡತಿ ಅಡುಗೆಕಟ್ಟೆಗೆ ಒರಗಿ ನಿಂತೇ ಉಂಡರು. ಹುರುಳಿಕಾಯಿ ಪಲ್ಯ, ನಿನ್ನೆ ಬೇಯಿಸಿದ ಮಾಂಸದ ತುಂಡು. ಇಬ್ಬರಿಗೂ ಹಸಿವಿರಲಿಲ್ಲ, ಆದರೂ ಉಂಡರು. ಎರಡು ತಟ್ಟೆಗಳ ನಡುವೆ ಫೋನು ಅಂಗಾತ ಮಲಗಿತ್ತು. ಹೊತ್ತು ಮುಳುಗುವ ಸುಮಾರಿಗೆ ಅದು ಒಮ್ಮೆ ಬೆಳಗಿತು. ಹೊಸ ಖಾತೆ, ಚಿತ್ರವಿಲ್ಲ, ಹೆಸರಿನ ಜಾಗದಲ್ಲಿ ಒಂದು ಅಕ್ಷರವಷ್ಟೆ. ಊಟದ ಮೇಜು, ಇದು ಇನ್ನೂ ಇದೆಯಾ?

ಗ್ಲೆಂಡಾ ಗಂಡನ ಮುಖ ನೋಡಿದಳು. ಮೇಜು ಹೋಗಿ ನಾಲ್ಕು ಗಂಟೆಯಾಗಿತ್ತು. ಅದು ನಿಂತಿದ್ದ ಕಡೆ ನೆಲದ ಮೇಲೆ ನಾಲ್ಕು ಗುಂಡನೆಯ ಗುರುತು ಮಾತ್ರ ಉಳಿದಿದ್ದವು.

"ಇದೆ ಅಂತ ಬರಿ" ಎಂದ ವೇಯ್ನ್.

ಅವಳು ಬರೆದಳು. ಉತ್ತರ ಬರಲಿಲ್ಲ. ಆಮೇಲೆ ಇಬ್ಬರೂ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ರಸ್ತೆ ಕಾಣುವ ಕಿಟಕಿಯ ಹತ್ತಿರ ಹೋಗಿ ನಿಂತರು.