ಹೊಸದೆಲ್ಲ ಒರಿಜಿನಲ್

ಅಬು ಹಮದ್ ತೀರಿಕೊಂಡ ಮೂರನೆಯ ತಿಂಗಳಿಗೆ ಅವರ ಮಗ ಹಮದ್ ನನ್ನನ್ನು ಕರೆದು, ತಂದೆಯ ಹನ್ನೊಂದು ಕಾರುಗಳ ಪಟ್ಟಿ ಮಾಡಲು ಹೇಳಿದ. ಅಪ್ಪ ಇಪ್ಪತ್ತೈದು ವರ್ಷ ಕೂಡಿಸಿದ್ದನ್ನು ಮಗ ಕಳೆಯಲು ಕುಳಿತಾಗ ನಡುವೆ ಒಬ್ಬ ಗುಮಾಸ್ತ ಬೇಕಾಗುತ್ತಾನೆ. ಅಬುಧಾಬಿಯ ಆ ಆಫೀಸಿನಲ್ಲಿ ಆ ಗುಮಾಸ್ತ ನಾನು, ಮೈಸೂರು ಕಡೆಯ ಶ್ರೀನಿವಾಸಮೂರ್ತಿ. ಇಂಗ್ಲಿಷ್ ಚೆನ್ನಾಗಿ ಬರೆಯುತ್ತೇನೆ ಎಂಬ ಹೆಸರು ನನಗಿತ್ತು. ಆ ಹೆಸರನ್ನು ಹರಡಿದವನೂ ಬಹುಪಾಲು ನಾನೇ.

ಕಾರುಗಳಿದ್ದದ್ದು ಊರಾಚೆಯ ಕಾರ್ಖಾನೆ ಬಡಾವಣೆ ಮುಸಫ್ಫಾದಲ್ಲಿ. ಒಂದು ಪಕ್ಕದಲ್ಲಿ ವೆಲ್ಡಿಂಗಿನವರು, ಇನ್ನೊಂದು ಪಕ್ಕದಲ್ಲಿ ಪೈಪು ಕತ್ತರಿಸುವವರು, ನಡುವೆ ಎ.ಸಿ. ಹಾಕಿದ ಶೆಡ್ಡು. ಆ ಬೀದಿಯಲ್ಲಿ ಎ.ಸಿ. ಇದ್ದದ್ದು ಅದೊಂದಕ್ಕೇ, ಅದೂ ಮನುಷ್ಯರಿಗೆಂದು ಹಾಕಿಸಿದ್ದಲ್ಲ. ಶಿರ್ವದ ಮೆಕ್ಯಾನಿಕ್ ವಿಲ್ಫ್ರೆಡ್ ಪಾಯ್ಸ್ ಕಾರುಗಳ ಪುಣ್ಯದಿಂದ ಅದರೊಳಗೆ ಇಪ್ಪತ್ತೆರಡು ವರ್ಷ ತಣ್ಣಗಿದ್ದ. ವಾರಕ್ಕೆ ಐದು ರಾತ್ರಿ ಶೆಡ್ಡಿನ ಹಿಂದಿನ ಕೋಣೆ, ಗುರುವಾರ ಸಂಜೆ ಬಸ್ಸು ಹಿಡಿದು ದುಬೈ, ಅಲ್ ಕುಸೈಸಿನ ಫ್ಲ್ಯಾಟು. ಅಲ್ಲಿ ಹೆಂಡತಿ ಫೆಲ್ಸಿ ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂರುತ್ತಿದ್ದಳು. ಮಗಳು ಸ್ಟೇಸಿ ಹನ್ನೆರಡನೆಯ ಕ್ಲಾಸು, ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ತಾಯಿ ಮಗಳಿಬ್ಬರೂ ಇದ್ದದ್ದು ಪಾಯ್ಸನ ವೀಸಾದ ಮೇಲೆ. ಪಾಯ್ಸನ ವೀಸಾ ಇದ್ದದ್ದು ಆ ಹನ್ನೊಂದು ಕಾರುಗಳ ಮೇಲೆ.

ಅಕ್ಟೋಬರ್ ಮುಗಿಯುವುದರೊಳಗೆ ಹತ್ತು ಹೋದವು. ಉಳಿದದ್ದು ಒಂದು, ಎಲ್ಲಕ್ಕಿಂತ ಅಪರೂಪದ್ದು: ಸಾವಿರದ ಒಂಬೈನೂರ ಎಪ್ಪತ್ತರ ಪ್ಲಿಮತ್ ಬಾರಾಕುಡಾ. ಅಮೆರಿಕದವರು ಮಸಲ್ ಕಾರ್ ಎಂದು ಕರೆಯುವ ಜಾತಿ. ಎರಡೇ ಬಾಗಿಲು, ಹಿಂದೆ ಕೂತವನಿಗೆ ಕಾಲಿಡಲು ಜಾಗವಿಲ್ಲ, ಮುಂದೆ ಲಾರಿ ಎಳೆಯಬಲ್ಲ ಎಂಜಿನ್ನು. ಬಣ್ಣ ಅಪ್ಪಟ ನೇರಳೆ.

“ಬಾರಾಕುಡಾ ಅಂದ್ರೆ ಮೀನಲ್ವಾ ಸಾರ್, ಇಷ್ಟುದ್ದ ಹಲ್ಲಿನದ್ದು,” ಎಂದ ಪಾಯ್ಸ್, ಬಾನೆಟ್ಟಿನ ಮೇಲೆ ಇಲ್ಲದ ಧೂಳನ್ನು ಒರೆಸುತ್ತಾ. “ನಮ್ಮಲ್ಲಿ ಅಂಜಲ್ ಮೀನು ಉಂಟಾದ್ರೆ ಇದನ್ನು ಕೇಳುವವರಿಲ್ಲ. ಇಲ್ಲಿ ಇವಳ ಗತ್ತು ನೋಡಿ.”

ದುಬೈಯ ಒಬ್ಬ ಶ್ರೀಮಂತ ಮುದುಕ ಆಸಕ್ತಿ ತೋರಿಸಿದ್ದ. ಗಾಡಿಯನ್ನು ಬಲ್ಲ ಕೈಯೂ ತನಗೆ ಬೇಕು, ಮೆಕ್ಯಾನಿಕ್ಕಿನ ವೀಸಾ ತನ್ನ ಹೆಸರಿಗೆ ಮಾಡಿಸಿಕೊಳ್ಳುತ್ತೇನೆ ಎಂದು ಅವನೇ ಫೋನಿನಲ್ಲಿ ಹೇಳಿದ. ಅದನ್ನು ಕೇಳಿದ ಮೇಲೆ ಪಾಯ್ಸ್ ಮಾರಾಟದ ಬಗ್ಗೆ ಹಮದ್‌ಗಿಂತ ಹೆಚ್ಚು ಉತ್ಸಾಹ ತಾಳಿದ. ವಿವರಣೆ ಬರೆಯಲು ನಾನು ಪೆನ್ನು ತೆಗೆದರೆ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತ.

“ಬರೀರಿ ಸಾರ್. ಫುಲ್ ಒರಿಜಿನಲ್. ಒಂದು ಬೋಲ್ಟ್ ಸಹ ಡುಪ್ಲಿಕೇಟ್ ಇಲ್ಲ.”

“ಒಂದೂ ಇಲ್ವೇನ್ರೀ? ಐವತ್ತು ವರ್ಷದ ಗಾಡಿ ಕಣ್ರೀ.”

“ಮಗಳ ಮೇಲೆ ಆಣೆ. ಎಂತ ಮಾರಾಯ್ರೆ, ಅನ್ನ ಕೊಟ್ಟ ಅರ್ಬಾಬಿನ ಗಾಡಿಗೆ ನಾನು ಡುಪ್ಲಿಕೇಟ್ ಹಾಕುದಾ? ಶಾರ್ಜಾದಲ್ಲಿ ಅರ್ಧ ಕ್ರಯಕ್ಕೆ ಸಿಗ್ತಿತ್ತು. ಮುಟ್ಟಿಯೂ ನೋಡ್ಲಿಲ್ಲ ನಾನು.”

‘ಕೊನೆಯ ಬೋಲ್ಟಿನವರೆಗೂ ನೂರಕ್ಕೆ ನೂರು ಒರಿಜಿನಲ್’ ಎಂದು ನನ್ನ ಒಳ್ಳೆಯ ಇಂಗ್ಲಿಷಿನಲ್ಲಿ ಬರೆದೆ. ವಾಕ್ಯವನ್ನು ಎರಡು ಸಲ ಓದಿಕೊಂಡೆ. ಚೆನ್ನಾಗಿತ್ತು.

ನವೆಂಬರಿನ ಎರಡನೆಯ ವಾರ ಮುದುಕನ ಕಡೆಯಿಂದ ಕಾರು ಪರೀಕ್ಷಿಸಲು ಒಬ್ಬ ಇಂಗ್ಲಿಷಿನವನು ಬಂದ. ಅರ್ಧ ಚಡ್ಡಿ, ಕೈಯಲ್ಲಿ ಟಾರ್ಚು, ಹಲ್ಲಿನ ಡಾಕ್ಟರು ಬಾಯೊಳಗೆ ತೂರಿಸುವಂಥ ಪುಟ್ಟ ಕನ್ನಡಿ. ಹಮದ್ ಬಾಗಿಲ ಬಳಿ ಫೋನು ನೋಡುತ್ತಾ ನಿಂತ. ಪಾಯ್ಸ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಬೆಳಿಗ್ಗೆ ಕ್ಷೌರಕ್ಕೂ ಹೋಗಿಬಂದಿದ್ದ.

ಎಂಜಿನ್ನು ಚಾಲೂ ಮಾಡಿದಾಗ ವೆಲ್ಡಿಂಗಿನವರು ಕೆಲಸ ನಿಲ್ಲಿಸಿ ಇತ್ತ ನೋಡಿದರು. ಇಂಗ್ಲಿಷಿನವನು ಕಣ್ಣು ಮುಚ್ಚಿ ಕೇಳಿದ, ಸಂಗೀತ ಕಚೇರಿಯಲ್ಲಿ ಮುಂದಿನ ಸಾಲಿನವರು ಕೇಳುವ ಹಾಗೆ. ಆಮೇಲೆ ಎಂಜಿನ್ನು ನಿಲ್ಲಿಸಿ, ಕನ್ನಡಿ ತೂರಿಸಿ, ನಂಬರು ಹುಡುಕತೊಡಗಿದ. ಇಂಥ ಗಾಡಿಯಲ್ಲಿ ಎಂಜಿನ್ನಿನ ಮೇಲಿನ ನಂಬರೂ ಗಾಡಿಯ ಮೈಮೇಲಿನ ನಂಬರೂ ತಾಳೆಯಾಗಬೇಕಂತೆ.

“ಇದು ಹಳೇ ಎಂಜಿನ್ ಅಲ್ಲ,” ಎಂದ.

“ನೋ ಸರ್!” ಪಾಯ್ಸನ ಮುಖ ಅರಳಿತು. “ಓಲ್ಡ್ ಒನ್ ಸ್ಮಾಲ್ ಕ್ರ್ಯಾಕ್. ದಿಸ್ ಒರಿಜಿನಲ್, ಫ್ರಮ್ ಅಮೆರಿಕಾ. ಬಾಕ್ಸ್ ಐ ಓನ್ಲಿ ಓಪನ್.”

“ಹಳೆಯದು ಎಲ್ಲಿದೆ?”

“ಸ್ಕ್ರ್ಯಾಪ್ ಸರ್. ಸಿಕ್ಸ್ ಇಯರ್ಸ್ ಬಿಫೋರ್.”

ಇಂಗ್ಲಿಷಿನವನು ಟಾರ್ಚನ್ನು ಗಾಡಿಯ ಒಳಕ್ಕೆ ತಿರುಗಿಸಿದ. ಅವನು ಸೀಟು ತೋರಿಸಿದ. ಒರಿಜಿನಲ್, ಹೊಸದು, ಎಂದ ಪಾಯ್ಸ್. ಕಾರ್ಬುರೇಟರ್ ತೋರಿಸಿದ. ಒರಿಜಿನಲ್, ಸೀಲ್ ಪ್ಯಾಕು. ಬಾನೆಟ್ಟಿನ ಒಳಗೋಡೆಯ ಮೇಲೆ ಕಾರ್ಖಾನೆಯವರು ಆ ಕಾಲದಲ್ಲಿ ಮೇಣದ ಬಳಪದಿಂದ ಏನೋ ಗುರುತು ಬರೆಯುತ್ತಿದ್ದರು, ಅದು ಕಾಣುತ್ತಿಲ್ಲವಲ್ಲ, ಎಂದು ಮೆಲ್ಲಗೆ ಕೇಳಿದ.

ಪಾಯ್ಸ್ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ: “ಅದಾ? ಯಾವನೋ ಗೀಚಿ ಇಟ್ಟಿದ್ದ ಸಾರ್. ಹೇಳಿ ಅವನಿಗೆ, ಮೂರು ದಿನ ಸಾಬೂನು ಹಾಕಿ ತಿಕ್ಕಿದ್ದೇನೆ, ಒಂದು ಕಲೆ ಇಲ್ಲ ಅಂತ.”

ಹೇಳಿದೆ. ಹೇಳುವಾಗಲೇ, ಇಂಗ್ಲಿಷಿಗೆ ತಿರುಗಿಸುವಾಗಲೇ, ನನಗೆ ಅರ್ಥವಾಯಿತು. ನಮ್ಮ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಾಮಾನಿಗೆ ಎರಡೇ ಜಾತಿ: ಒರಿಜಿನಲ್, ಡುಪ್ಲಿಕೇಟ್. ಕಂಪನಿಯ ಡಬ್ಬಿಯಿಂದ ಹೊಸದಾಗಿ ಬಂದದ್ದು ಒರಿಜಿನಲ್. ಹಳೆಯದಕ್ಕೆ ಜಾತಿಯೇ ಇಲ್ಲ, ಅದು ಗುಜರಿ. ಈ ಮನುಷ್ಯ ಬಂದ ಲೋಕದಲ್ಲಿ ಹುಟ್ಟುವಾಗ ಗಾಡಿಯಲ್ಲಿ ಏನಿತ್ತೋ ಅದು ಮಾತ್ರ ಒರಿಜಿನಲ್, ಕೊಳೆಯ ಸಮೇತ. ಇಪ್ಪತ್ತೆರಡು ವರ್ಷ ಪಾಯ್ಸ್ ಒರಿಜಿನಲ್ಲನ್ನು ಕಿತ್ತು ಒರಿಜಿನಲ್ ಹಾಕುತ್ತಾ ಬಂದಿದ್ದ. ಹರಿದದ್ದನ್ನು ತೇಪೆ ಹಾಕಿ ಉಳಿಸುವ ಸೋಮಾರಿಯೊಬ್ಬ ಸಿಕ್ಕಿದ್ದರೆ ಗಾಡಿ ಬದುಕುತ್ತಿತ್ತು.

“ನಿಮ್ಮ ಮೆಕ್ಯಾನಿಕ್ ಬಹಳ ಒಳ್ಳೆಯ ಕೆಲಸಗಾರ,” ಎಂದು ಇಂಗ್ಲಿಷಿನವನು ಹಮದ್‌ಗೆ ಹೇಳಿ, ಟಾರ್ಚು ಆರಿಸಿದ. “ಅದೇ ತೊಂದರೆ.”

ಅವನ ಕಾರು ತಿರುವು ದಾಟುವ ತನಕ ಪಾಯ್ಸ್ ಕೈಬೀಸುತ್ತಿದ್ದ. “ಎಂತ ಹೇಳಿದ ಸಾರ್? ಖುಷಿಯಾಯ್ತಾ ಅವನಿಗೆ?”

“ಕೆಲಸ ಚೆನ್ನಾಗಿದೆ ಅಂದ.”

“ಮತ್ತೆ?” ಎಂದ ಪಾಯ್ಸ್, ಬೀಗುತ್ತಾ. ಅಲ್ಲಿಯೇ ಫೆಲ್ಸಿಗೆ ಫೋನು ಹಚ್ಚಿ ಕೊಂಕಣಿಯಲ್ಲಿ ಏನೋ ಹೇಳಿದ. ಹಿಂದಿನಿಂದ ಸ್ಟೇಸಿಯ ದನಿ ನನಗೂ ಕೇಳಿತು: “ಡ್ಯಾಡಿ, ಐ ಟೋಲ್ಡ್ ಯು ನಾಟ್ ಟು ವರಿ!”

ಎರಡು ದಿನಕ್ಕೆ ಮುದುಕನ ಉತ್ತರ ಬಂತು: ಗಾಡಿಯೂ ಬೇಡ, ಗಾಡಿಯನ್ನು ಹೀಗೆ ಮಾಡಿದ ಕೈಯಂತೂ ಬೇಡವೇ ಬೇಡ. ಅದನ್ನು ಪಾಯ್ಸನಿಗೆ ತಿಳಿಸುವಾಗ ಎರಡು ಒರಿಜಿನಲ್‌ಗಳ ವ್ಯತ್ಯಾಸವನ್ನೂ ವಿವರಿಸಬೇಕಾಯಿತು. ಅವನು ಸ್ಟೂಲಿನ ಮೇಲೆ ಕೂತು ಶ್ರದ್ಧೆಯಿಂದ ಕೇಳಿದ.

“ಅಂದ್ರೆ ಹಾಳಾದದ್ದು ಬೇಕಾ ಅವರಿಗೆ?”

“ಹಳೇದು ಬೇಕು.”

“ಹಾಳಾದ್ರೂ?”

“ಹಾಳಾದ್ರೂ.”

“ಹಾಗಾದ್ರೆ ಮೆಕ್ಯಾನಿಕ್ ಯಾಕೆ ಮಾರಾಯ್ರೆ ಇಟ್ಟುಕೊಳ್ಳುದು, ಪಾದ್ರಿಯನ್ನು ಇಟ್ಟುಕೊಂಡ್ರೆ ಆಗ್ತದಲ್ವಾ?” ಎಂದ. ನಗು ಬಂತು ನನಗೆ. ಅವನು ನಗಲಿಲ್ಲ.

ಗಾಡಿ ಕೊನೆಗೆ ದುಬೈಯ ಅಲ್ ಮುರಕ್ಕಬಾತಿನ ಒಂದು ರೆಸ್ಟೊರೆಂಟಿಗೆ ಹೋಯಿತು. ಬಾಗಿಲ ಪಕ್ಕದ ಗಾಜಿನೊಳಗೆ ನಿಲ್ಲಿಸುತ್ತಾರಂತೆ, ಮಕ್ಕಳು ಒಳಗೆ ಕೂತು ಫೋಟೋ ತೆಗೆಸಿಕೊಳ್ಳಲು. ಬೆಂಕಿಯ ಭಯಕ್ಕೆ ಪೆಟ್ರೋಲು, ಆಯಿಲು ಎಲ್ಲ ಖಾಲಿ ಮಾಡಿ ಕೊಡಬೇಕೆಂದರು. ಮೆಕ್ಯಾನಿಕ್ಕು ಬೇಕೇ ಎಂದು ನಾನು ವಿಚಾರಿಸಿದ್ದಕ್ಕೆ, ಒರೆಸಲು ತಮ್ಮಲ್ಲಿ ವೇಟರುಗಳಿದ್ದಾರೆ ಎಂದರು. ಖಾಲಿ ಮಾಡಿದವನು ಪಾಯ್ಸೇ. ಅದಕ್ಕೆ ಅರ್ಧ ದಿನ ಸಾಕಿತ್ತು. ಅವನು ಎರಡು ದಿನ ತೆಗೆದುಕೊಂಡ.

ಶೆಡ್ಡು ಖಾಲಿಯಾದ ಮರುದಿನ ವೀಸಾ ರದ್ದು ಮಾಡುವ ಕಾಗದ ನನ್ನ ಮೇಜಿಗೆ ಬಂತು. ಸಹಿ ಬಿದ್ದ ಮೇಲೆ ದೇಶ ಬಿಡಲು ಮೂವತ್ತು ದಿನ, ಅಂದರೆ ಕ್ರಿಸ್‌ಮಸ್ಸಿನ ಒಳಗೆ ಮೂವರೂ ಹೊರಡಬೇಕು. ಪಾಯ್ಸ್ ಆಫೀಸಿಗೆ ಬಂದು, ಕುರ್ಚಿ ಇದ್ದರೂ ನಿಂತೇ ಮಾತಾಡಿದ.

“ನಾಲ್ಕು ತಿಂಗಳು ಸಾರ್. ಸಂಬಳ ಬೇಡ. ವಾಚ್‌ಮನ್ ಅಂತ ಹೆಸರಿಗೆ ಇಟ್ಟುಕೊಳ್ಳಲಿ. ಹುಡುಗಿ ಪರೀಕ್ಷೆ ಬರೀಲಿ, ಮರುದಿನವೇ ಹೋಗ್ತೇವೆ. ಹಮದ್ ಸಾಹೇಬ್ರಿಗೆ ಒಂದು ಸೈನು ಅಲ್ವಾ? ನಾನು ಹೇಳಿದ್ರೆ ಆಗುದಿಲ್ಲ. ನೀವು ಚಂದ ಮಾಡಿ ಹೇಳ್ತೀರಿ.”

ಅವನು ಹೇಳಿದ್ದು ನಿಜ. ಒಂದೇ ಸಹಿ. ಹಮದ್ ಕೆಟ್ಟವನಲ್ಲ, ಕೇಳಿದರೆ ಮಾಡಿಯೂ ಮಾಡಿಯಾನು. ಫೈಲು ಹಿಡಿದು ಒಳಗೆ ಹೋದೆ, ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು.

ಹಮದ್ ತಲೆಯೆತ್ತಿದ. ಅವನ ಮುಂದೆ ನಾನು ಬರೆದ ಆ ವಿವರಣೆಯ ಹಾಳೆ ಇತ್ತು. “ಮಿಸ್ಟರ್ ಮೂರ್ತಿ,” ಎಂದ, ಸಿಟ್ಟಿಲ್ಲದೆ, “ದುಬೈಯವರ ಮುಂದೆ ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿದ ಈ ಕಾಗದ ಬರೆದದ್ದು ಯಾರು?”

ಪಾಯ್ಸನ ವೀಸಾದ ಹಾಗೆಯೇ ನನ್ನದೂ ಆ ಮೇಜಿನ ಮೇಲಿಂದಲೇ ಬಂದದ್ದು. ನನಗೆ ಐವತ್ತಾರು. ಈ ವಯಸ್ಸಿಗೆ ಒಳ್ಳೆಯ ಇಂಗ್ಲಿಷನ್ನು ಹೊಸದಾಗಿ ಯಾರೂ ಕೊಳ್ಳುವುದಿಲ್ಲ.

“ಮೆಕ್ಯಾನಿಕ್ ಹೇಳಿದ್ದನ್ನೇ ಬರೆದದ್ದು, ಸರ್,” ಎಂದೆ.

“ಅವನ ಕಾಗದ ಸಿದ್ಧವಾಗಿದೆಯಾ?”

ಫೈಲು ಮುಂದಿಟ್ಟೆ. ಅವನು ಸಹಿ ಹಾಕಿ, “ಖಲಾಸ್,” ಎಂದು ಹಿಂದಕ್ಕೆ ತಳ್ಳಿದ. ನಾನು ಇನ್ನೂ ನಿಂತಿರುವುದನ್ನು ಕಂಡು ಹುಬ್ಬೇರಿಸಿದ. ಕೇಳಲು ಅದೇ ಸಮಯ. ಏನೂ ಇಲ್ಲ ಎಂದು ತಲೆಯಾಡಿಸಿ ಹೊರಗೆ ಬಂದೆ.

ಪಾಯ್ಸ್ ನೀರಿನ ಯಂತ್ರದ ಪಕ್ಕ ನಿಂತಿದ್ದ.

“ಕೇಳಿದ್ರಾ ಸಾರ್?”

“ಕೇಳಿದೆ.”

“ಎಂತ ಹೇಳಿದ್ರು?”

“ಖಲಾಸ್ ಅಂದ್ರು.”

ಅವನು ಕೈಯಲ್ಲಿದ್ದ ನೀರಿನ ಲೋಟವನ್ನು ಯಂತ್ರದ ಮೇಲಿಟ್ಟ. ಆಮೇಲೆ, ಸಾವಿನ ಮನೆಯಲ್ಲಿ ಮಾಡುವ ಹಾಗೆ, ನನ್ನ ಎರಡೂ ಕೈ ಹಿಡಿದುಕೊಂಡ. “ನೀವು ಬೇಜಾರು ಮಾಡ್ಬೇಡಿ. ಇವತ್ತಿನ ಕಾಲಕ್ಕೆ ಇನ್ನೊಬ್ಬರಿಗೆ ಅಂತ ಹೋಗಿ ಕೇಳುವವರು ಯಾರಿದ್ದಾರೆ ಹೇಳಿ. ಫೆಲ್ಸಿಗೆ ಹೇಳ್ತೇನೆ, ಮೂರ್ತಿ ಸಾರ್ ಕೇಳಿದ್ರು ಅಂತ.”

ಕಾಗದಕ್ಕೆ ಅವನ ಸಹಿಯೂ ಬೇಕಿತ್ತು, ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದೆ. ಕನ್ನಡಕ ತಂದಿರಲಿಲ್ಲ ಅವನು, ನನ್ನದನ್ನು ತೆಗೆದುಕೊಟ್ಟೆ.