ಎಡಕ್ಕೆ ಸುತ್ತಿದ ದಾರ

ಆ ಊರಿನ ವಾಣಿಜ್ಯ ಸಂಘ ಅಂದರೆ ಅಂಚೆ ಕಚೇರಿಯ ಮೇಲಿನ ಎರಡು ಕೋಣೆ, ಒಂದು ಉದ್ದನೆಯ ಮೇಜು ಮತ್ತು ಒಬ್ಬ ಕಾರ್ಯದರ್ಶಿ. ಅವರು ಒಂದು ದಿನವೂ ಪಾಠ ಹೇಳಿದವರಲ್ಲ, ಆದರೂ ಊರೆಲ್ಲ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿತ್ತು. ಯಾವ ಅರ್ಜಿ ತಂದರೂ ಕೆಂಪು ಗೀಟು ಹಾಕಿ ‘ಸರಿಯಾಗಿ ಬರೆದುಕೊಂಡು ಬನ್ನಿ’ ಎಂದು ವಾಪಸು ಕೊಡುವವರನ್ನು ಇನ್ನೇನೆಂದು ಕರೆಯುವುದು? ಬೈದುಕೊಂಡು ಮೆಟ್ಟಿಲಿಳಿದವರೇ ಮಾರನೆಯ ದಿನ ಮತ್ತೆ ಹತ್ತುತ್ತಿದ್ದರು. ಕಾರ್ಖಾನೆ ಬೀದಿಗೆ ಬೆಳಗಿನ ಬಸ್ಸು ತರಿಸಿದ್ದು ಈ ಮನುಷ್ಯ. ಸಂಜೆ ಕೆಲಸ ಬಿಟ್ಟು ಬರುವ ಹೆಂಗಸರಿಗೆ ದಾರಿದೀಪ ಹಾಕಿಸಿದ್ದೂ ಇವರೇ. ಕೇಳಿದರೆ ‘ನಾನೇನು ಮಾಡಿದೆ, ಸಂಘ ಮಾಡ್ತು’ ಅನ್ನುತ್ತಿದ್ದರು.

ಬ್ರಷ್ ಅಕ್ಕನಿಗೆ ಮೊದಲ ವಿದೇಶಿ ಆರ್ಡರ್ ಹುಡುಕಿಕೊಟ್ಟದ್ದೂ ಹಾಗೆ ‘ಸಂಘವೇ’. ಅಕ್ಕನ ಶೆಡ್ಡಿನಲ್ಲಿ ಹದಿನಾಲ್ಕು ಜನ ಹೆಂಗಸರು ಬಣ್ಣ ಬಳಿಯುವ ದುಂಡು ಬ್ರಷ್ ಕಟ್ಟುತ್ತಿದ್ದರು. ಇಷ್ಟು ವರ್ಷ ಒಬ್ಬ ದಲ್ಲಾಳಿ ಅದನ್ನು ಕೊಂಡು, ತನ್ನ ಹೆಸರಿನ ಚೀಟಿ ಅಂಟಿಸಿ, ತಾನೇ ಹೆತ್ತ ಮಗುವಿನ ಹಾಗೆ ಮಾರಿಕೊಳ್ಳುತ್ತಿದ್ದ. ಈಗ ಎರಡು ಸಾವಿರ ಬ್ರಷ್ಷು ಅಕ್ಕನ ಶೆಡ್ಡಿನ ಹೆಸರಿನಲ್ಲೇ ಹಡಗು ಹತ್ತಬೇಕಿತ್ತು. ಇದೊಂದು ಸರಿಹೋದರೆ ವರ್ಷವಿಡೀ ಕೆಲಸ. ತಪ್ಪಿದರೆ ಮತ್ತೆ ಅದೇ ದಲ್ಲಾಳಿಯ ಬಾಗಿಲು.

ಸಂಜೆ ಐದಕ್ಕೆ ಲಾರಿ. ಉಳಿದಿದ್ದು ಒಂದೇ ಕಾಗದ: ‘ಈ ಸರಕು ನಮ್ಮ ಊರಿನಲ್ಲೇ ತಯಾರಾದದ್ದು’ ಎಂದು ಸಂಘ ಕೊಡುವ ಪ್ರಮಾಣಪತ್ರ. ಮುದ್ರೆ ಒತ್ತುವುದು ಎರಡು ನಿಮಿಷದ ಕೆಲಸ. ಆದರೆ ಮೇಷ್ಟ್ರು ಕಣ್ಣಾರೆ ನೋಡದೆ ಒತ್ತುವವರಲ್ಲ. ಮಧ್ಯಾಹ್ನ ಎರಡಕ್ಕೆ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಶೆಡ್ಡಿನೊಳಗೆ ಬಂದರು, ನೀರು ಕೇಳಿ ಕುಡಿದರು, ಒಂದೊಂದೇ ಡಬ್ಬ ತೆರೆಸಿದರು.

ಹದಿನೆಂಟನೆಯ ಡಬ್ಬದಲ್ಲಿ ಅವರ ಕೈ ನಿಂತಿತು. ಒಂದು ಬ್ರಷ್ ಎತ್ತಿ ಕನ್ನಡಕ ಹಣೆಗೇರಿಸಿ ಅದರ ಕುತ್ತಿಗೆಗೆ ಸುತ್ತಿದ್ದ ದಾರವನ್ನೇ ನೋಡಿದರು.

“ಇದನ್ನ ಯಾರು ಕಟ್ಟಿದ್ದಮ್ಮಾ?”

“ನಮ್ಮ ಹುಡುಗೀರೇ ಸಾರ್,” ಅಂದಳು ಅಕ್ಕ.

“ನಿಮ್ಮ ಹುಡುಗೀರು ದಾರ ಎಡಕ್ಕೆ ಸುತ್ತುತಾರೆ. ಇದು ಬಲಕ್ಕೆ ಸುತ್ತಿದೆ.”

ಅಕ್ಕ ಎರಡು ಬ್ರಷ್ ಪಕ್ಕಪಕ್ಕ ಹಿಡಿದು ನೋಡಿದಳು. ಹೌದು. ಇಪ್ಪತ್ತು ವರ್ಷ ದಾರ ಸುತ್ತಿದ ಕೈ, ಒಂದು ದಿನವೂ ಅದು ಯಾವ ಕಡೆಗೆ ತಿರುಗುತ್ತದೆ ಅಂತ ಗಮನಿಸಿರಲಿಲ್ಲ. ಕಲಿಸಿದವರು ಅವಳ ಅತ್ತೆ. ಅತ್ತೆ ಎಡಚಿ. ಅವರ ಕೈ ಹೋದ ಕಡೆಗೇ ಎಲ್ಲರ ಕೈಯೂ ಹೋಗಿತ್ತು.

ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಇಬ್ಬರು ಹೆಂಗಸರು ಜ್ವರದಿಂದ ಮಲಗಿದರು, ಮುನ್ನೂರು ಬ್ರಷ್ ಕಡಿಮೆ ಬಿತ್ತು, ಪಕ್ಕದ ಪಟ್ಟಣದಿಂದ ಕೊಂಡು ತಂದು ಸೇರಿಸಿದೆ ಎಂದು ಒಂದೇ ಉಸಿರಿಗೆ ಹೇಳಿದಳು. “ಮುನ್ನೂರು ತಾನೆ ಸಾರ್. ಯಾರಿಗೆ ಗೊತ್ತಾಗುತ್ತೆ?”

ಮೇಷ್ಟ್ರು ರೇಗಲಿಲ್ಲ. ರೇಗಿದ್ದರೆ ವಾಸಿಯಿತ್ತು ಅಂತ ಅಕ್ಕನಿಗೆ ಅನ್ನಿಸಿತು.

“ನನ್ನ ಮೇಜಿನ ಹಿಂದೆ ಗೋಡೇಲಿ ಒಂದು ಕಾಗದಕ್ಕೆ ಚೌಕಟ್ಟು ಹಾಕಿಸಿದೀನಿ, ನೋಡಿದೀರಾ? ಎಲ್ಲರೂ ಅದು ಪ್ರಶಸ್ತಿ ಅಂದ್ಕೊಂಡಿದಾರೆ. ಹನ್ನೊಂದು ವರ್ಷದ ಹಿಂದೆ ಸ್ನೇಹಿತನ ಮಾತು ನಂಬಿ, ಸರಕು ನೋಡದೆ ಮುದ್ರೆ ಒತ್ತಿದ ಪ್ರಮಾಣಪತ್ರ ಅದು. ಸರಕು ಬೇರೆ ಊರಿನದು ಅಂತ ಬಂದರಿನಲ್ಲಿ ಸಿಕ್ಕಿಬಿತ್ತು. ಆಮೇಲೆ ಎರಡು ವರ್ಷ ನಮ್ಮೂರಿನ ಕಾಗದಾನ ಯಾರೂ ಮೂಸಿಯೂ ನೋಡಲಿಲ್ಲ. ಬೀಗ ಮಾಡೋರು ನಾಲ್ಕು ಜನ ಬಾಗಿಲು ಹಾಕಿದರು. ಅವರು ಏನು ತಪ್ಪು ಮಾಡಿದ್ರಮ್ಮಾ?”

ಅಕ್ಕ ತಲೆ ತಗ್ಗಿಸಿದಳು. ಅವಳಿಗೆ ನಿಜಕ್ಕೂ ನಾಚಿಕೆಯಾಯಿತು. ಗಂಟೆ ಎರಡೂವರೆ.

“ಮುದ್ರೆ ನಿಮ್ಮ ಶೆಡ್ಡಿಗಲ್ಲ, ಊರಿಗೆ,” ಅಂದರು ಮೇಷ್ಟ್ರು. “ಊರಲ್ಲಿ ಬ್ರಷ್ ಕಟ್ಟೋರು ನೀವೊಬ್ಬರೇ ಅಲ್ವಲ್ಲ.”

ಅವರು ಯಾರ ಮಾತೆತ್ತಿದರೆಂದು ಅಕ್ಕನಿಗೆ ತಕ್ಷಣ ತಿಳಿಯಿತು. ಅವಳ ಮೈದುನ. ಅತ್ತೆ ತೀರಿಕೊಂಡ ವರ್ಷವೇ ಬೇರೆಯಾಗಿ, ಎರಡು ಬೀದಿ ಆಚೆ ಸ್ವಂತ ಶೆಡ್ ಹಾಕಿ, ಬೋರ್ಡಿನ ಮೇಲೆ ತಾಯಿಯ ಹೆಸರು ಬರೆಸಿದ್ದ. ಅಕ್ಕನ ಬೋರ್ಡಿನ ಮೇಲೂ ಅದೇ ಹೆಸರು. ಅತ್ತೆಯನ್ನು ಕಡೆಗಾಲದಲ್ಲಿ ನೋಡಿಕೊಂಡವಳು ನಾನು, ಹೆಸರು ನನ್ನದು ಅಂತ ಇವಳು. ಹೆತ್ತ ಮಗ ನಾನು ಅಂತ ಅವನು. ಅವನ ಬೋರ್ಡು ಇಳಿಸಬೇಕೆಂದು ಅಕ್ಕ ಸಂಘಕ್ಕೆ ಕೊಟ್ಟ ಅರ್ಜಿಗೆ ಆರು ವರ್ಷ. ಯಾವಾಗ ಕೇಳಿದರೂ ಮೇಷ್ಟ್ರದು ಒಂದೇ ಉತ್ತರ: ‘ವಿಚಾರಣೆಯಲ್ಲಿದೆ.’ ಇಷ್ಟು ನಿಧಾನವಾದ ವಿಚಾರಣೆ ಆಮೆಯೂ ಮಾಡಲಾರದು ಎಂದು ಅವಳು ಊರಿಡೀ ಆಡಿಕೊಂಡಿದ್ದಳು.

“ನಾನು ಅಲ್ಲಿಗೆ ಕಾಲಿಡಲ್ಲ,” ಅಂದಳು.

ಮೇಷ್ಟ್ರು ಚಪ್ಪಲಿ ಮೆಟ್ಟಿದರು. ಹದಿನಾಲ್ಕು ಹೆಂಗಸರಲ್ಲಿ ಬಂದಿದ್ದ ಹನ್ನೆರಡು ಜನವೂ ಕೈ ನಿಲ್ಲಿಸಿ ಅಕ್ಕನ ಮುಖ ನೋಡುತ್ತಿದ್ದರು. ವರ್ಷವಿಡೀ ಕೆಲಸ ಇರುತ್ತದೆ ಎಂದು ಅವರಿಗೆ ಮಾತು ಕೊಟ್ಟವಳು ಅವಳೇ. ಸೆರಗು ಸರಿಮಾಡಿಕೊಂಡು ಮೇಷ್ಟ್ರ ಹಿಂದೆ ಹೊರಟಳು.

ಮೈದುನ ಬಾಗಿಲಲ್ಲೇ ಕೂತು ದಾರ ಸುತ್ತುತ್ತಿದ್ದ. ಅತ್ತಿಗೆಯನ್ನು ಕಂಡು ಎದ್ದ, ಆದರೆ ಮಾತಾಡಿದ್ದು ಮೇಷ್ಟ್ರ ಜೊತೆ. ಮೇಷ್ಟ್ರು ಸಂಗತಿಯನ್ನು ಮೂರು ಮಾತಿನಲ್ಲಿ ಮುಗಿಸಿದರು.

“ಸಂಘ ಕೇಳ್ತಿದೆಯಾ ಸಾರ್, ಅತ್ತಿಗೆ ಕೇಳ್ತಿದಾರಾ?”

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಅಕ್ಕ ಅಂದಳು, “ನಾನೇ ಕೇಳ್ತಿದೀನಪ್ಪ. ತಪ್ಪು ನಂದು.”

ಅವನು ಕೈಯಲ್ಲಿದ್ದ ದಾರದ ಉಂಡೆ ಕೆಳಗಿಟ್ಟ. “ಮುನ್ನೂರ ನಲವತ್ತು ಸಿದ್ಧ ಇದೆ. ದಲ್ಲಾಳಿಗೆ ಅಂತ ಇಟ್ಟಿದ್ದೆ,” ಅಂದ. “ಅವನು ಕಾಯಲಿ ಬಿಡಿ ಅತ್ತಿಗೆ. ನಮ್ಮನ್ನೇನು ಕಡಿಮೆ ಕಾಯಿಸಿದಾನಾ?”

ಮೇಷ್ಟ್ರು ಅಲ್ಲಿಯೂ ಬಿಡಲಿಲ್ಲ. ಡಬ್ಬ ತೆರೆಸಿ ಒಂದೊಂದೇ ಬ್ರಷ್ ತಿರುಗಿಸಿದರು. ಅಕ್ಕನೂ ಪಕ್ಕದಲ್ಲಿ ಕೂತು ನೋಡಿದಳು. ಎಡಕ್ಕೆ, ಎಡಕ್ಕೆ, ಎಲ್ಲವೂ ಎಡಕ್ಕೆ. ಆರು ವರ್ಷದ ಹಿಂದೆ ಯಾರ ಮುಖ ನೋಡುವುದಿಲ್ಲವೆಂದು ಆಣೆ ಹಾಕಿದ್ದಳೋ ಅವನ ಕೈಯಲ್ಲಿ ಅತ್ತೆಯ ಕೈ ಹಾಗೇ ಕೂತಿತ್ತು. ಅಕ್ಕನಿಗೆ ಕಣ್ಣು ತುಂಬಿ ಬಂತು, ಧೂಳು ಅಂತ ಹೇಳಿ ಒರೆಸಿಕೊಂಡಳು. ಮೈದುನ ನೀರು ತಂದುಕೊಟ್ಟ.

ಕೊಂಡು ತಂದ ಮುನ್ನೂರನ್ನು ತೆಗೆಸಿ ಇವನ್ನು ಡಬ್ಬಗಳಿಗೆ ತುಂಬಿಸಿ, ನಾಲ್ಕೂವರೆಗೆ ಮೂವರೂ ಸಂಘದ ಮೆಟ್ಟಿಲು ಹತ್ತಿದರು. ಮೇಷ್ಟ್ರು ಮುದ್ರೆ ಕೈಗೆತ್ತಿಕೊಂಡವರು ಪ್ರಮಾಣಪತ್ರಕ್ಕೆ ಅಕ್ಕ ಕೊಟ್ಟಿದ್ದ ಅರ್ಜಿ ನೋಡಿ ಕೆಳಗಿಟ್ಟರು, ಕೆಂಪು ಪೆನ್ನು ತೆಗೆದರು.

“ಇಲ್ಲಿ ತಯಾರಕರು ಒಬ್ಬರೇ ಅಂತಿದೆ. ಸರಿಯಾಗಿ ಬರೆದುಕೊಡಿ.”

“ಲಾರಿ ಐದಕ್ಕೆ ಸಾರ್,” ಅಂದ ಮೈದುನ.

“ಹಾಗಾದ್ರೆ ಬೇಗ ಬರೀಲಿ.”

ಅಕ್ಕ ಹೊಸ ಹಾಳೆ ತೆಗೆದುಕೊಂಡು, ತಯಾರಕರ ಜಾಗದಲ್ಲಿ ಅತ್ತೆಯ ಹೆಸರು ಬರೆದಳು. ಅದರ ಕೆಳಗಿನ ಸಾಲಿನಲ್ಲಿ ಮತ್ತೆ ಅದೇ ಹೆಸರು ಬರೆದು, ಮೈದುನನ ಬೀದಿಯ ವಿಳಾಸ ಸೇರಿಸಿದಳು. ಮೇಷ್ಟ್ರು ಹಾಳೆಯನ್ನು ಹತ್ತಿರ ಹಿಡಿದು ಓದಿದರು.

“ಒಂದೇ ಹೆಸರು ಎರಡು ಸಲ ಬರೆದಿದೀರಲ್ಲಮ್ಮಾ?”

“ಎರಡೂ ಸರಿ ಸಾರ್.”

ಅವರು ಇಂಕಿನ ಡಬ್ಬಿಗೆ ಮುದ್ರೆ ಒತ್ತಿ, ಹಾಳೆಯ ಮೇಲೆ ಗಟ್ಟಿಯಾಗಿ ಒತ್ತಿದರು. ಆಮೇಲೆ ಮೇಲಿನ ಡ್ರಾಯರ್ ಎಳೆದು, ಆರು ವರ್ಷದ ಹಿಂದಿನ ಒಂದು ಕಾಗದವನ್ನು ಹುಡುಕದೆಯೇ ತೆಗೆದು ಅವಳ ಮುಂದಿಟ್ಟರು.

“ನಿಮ್ಮ ಇನ್ನೊಂದು ಅರ್ಜಿ,” ಅಂದರು. “ವಿಚಾರಣೆ ಮುಗೀತು.”